ಪಕ್ಕದ ನೋಟ

ಮಾಸೂರು
೯ ಜೂನ್ ೨೦೨೪

ವೃಂದಾ ಅಕ್ಕೋರಿಗೆ ಮೈಲಾರಲಿಂಗನ ನಮಸ್ಕಾರ.

ನನ್ನ ನೆನಪಿದೆಯೋ ಇಲ್ಲವೋ. ಮಾಸೂರಿನ ಹೈಸ್ಕೂಲಿನಲ್ಲಿ ನೀವು ಚಿತ್ರಕಲೆ ಕಲಿಸುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಪೆನ್ಸಿಲ್ ಕಡಿಯುತ್ತಿದ್ದವನು. ಒಮ್ಮೆ ಹೋರಿಯ ಮೈಗೆ ನಿಮ್ಮ ಮುಖ ಹಚ್ಚಿ ಬರೆದು ಸಿಕ್ಕಿಬಿದ್ದಿದ್ದೆ. ನೀವು ಹೊಡೆಯಲಿಲ್ಲ. "ಮುಖ ಅಡ್ಡಿಯಿಲ್ಲ, ಕೋಡು ಸರಿ ಬಂದಿಲ್ಲ, ತಿದ್ದು" ಎಂದು ಹಾಳೆ ವಾಪಸು ಕೊಟ್ಟಿರಿ. ಇಡೀ ಕ್ಲಾಸು ನಕ್ಕಿತು.

ರಿಟೈರ್ ಆದ ಮೇಲೆ ನೀವು ಹಾನಗಲ್ಲಿನಲ್ಲಿ ಇದ್ದುಕೊಂಡು ಅಂಚೆಯ ಮೂಲಕ ಚಿತ್ರ ಕಲಿಸುತ್ತೀರಿ ಎಂದು ಹಿರೇಕೆರೂರಿನಲ್ಲಿ ಕೇಳಿದೆ. ನನಗೂ ಕಲಿಸಬೇಕು. ಮನೆ, ಮರ, ಮಡಕೆ ಏನೂ ಬೇಡ. ಒಂದೇ ಚಿತ್ರ ಬರಬೇಕು, ಹೋರಿಯದು.

ಕಳೆದ ಜನವರಿಯಲ್ಲಿ ನಿಮ್ಮ ಹಾನಗಲ್ ಕಡೆಯ ಒಂದು ಊರಿನಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಇತ್ತು. ಅದರಲ್ಲಿ ನನ್ನ ತಮ್ಮ ಸಾಗರ ಸತ್ತ. ಹಾಯ್ದ ಹೋರಿಯ ಹೆಸರು ಸವಣೂರ ಸರ್ದಾರ. ಅದನ್ನೇ ಬರೆಯಬೇಕು, ಒಳಗೆ ಜೀವ ಇದೆ ಎಂದು ಕಾಣುವ ಹಾಗೆ. ಯಾಕೆ ಎಂದು ಮಾತ್ರ ಕೇಳಬೇಡಿ.

ಮೈಲಾರಲಿಂಗ


ಹಾನಗಲ್
೧೭ ಜೂನ್ ೨೦೨೪

ಮೈಲಾರಲಿಂಗನಿಗೆ,

ನೆನಪಿಲ್ಲದೆ ಏನು. ಆ ಹೋರಿ ಇನ್ನೂ ನನ್ನ ಟ್ರಂಕಿನಲ್ಲಿದೆ.

ಸಾಗರ ನನ್ನ ಕೊನೆಯ ವರ್ಷದ ಹುಡುಗ. ಮೋಟಾರ್ ಸೈಕಲ್ ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ, ಅದರ ಗಾಲಿಗಳು ಮಾತ್ರ ಕೋಳಿಮೊಟ್ಟೆ. ಅವನು ಹೋದನೆಂದು ನಿನ್ನ ಪತ್ರ ಓದಿಯೇ ತಿಳಿದದ್ದು. ಇಲ್ಲಿ ಸ್ಪರ್ಧೆಯ ದಿನಗಳಲ್ಲಿ ಪೇಪರಿನಲ್ಲಿ ಇಂಥ ಸುದ್ದಿ ಎಷ್ಟೋ ಬರುತ್ತವೆ, ನಾವು ಪುಟ ತಿರುವಿ ಹಾಕುತ್ತೇವೆ. ಬಹಳ ಸಂಕಟವಾಯಿತು. ನಿನ್ನ ಅವ್ವ ಸಾವಂತ್ರವ್ವನನ್ನು ಕೇಳಿದೆನೆಂದು ಹೇಳು.

ಯಾಕೆ ಎಂದು ಕೇಳುವುದಿಲ್ಲ, ನನಗೆ ಗೊತ್ತಾಗುತ್ತದೆ. ಮನಸ್ಸಿನಲ್ಲಿ ಕುಳಿತದ್ದನ್ನು ಕೈಯಿಂದ ಇಳಿಸಬೇಕು ಎಂದು ನೀನು ಹೊರಟಿದ್ದೀ. ಒಳ್ಳೆಯದು, ಇಳಿಯುತ್ತದೆ. ಆದರೆ ಹೋರಿ ಬೇಕೆಂದ ಕೂಡಲೇ ಹೋರಿ ಬರುವುದಿಲ್ಲ. ಮೊದಲು ಗೆರೆ. ಸ್ಕೇಲ್ ಮುಟ್ಟದೆ ಹಾಳೆಯ ಈ ತುದಿಯಿಂದ ಆ ತುದಿಗೆ ನೇರ ಗೆರೆ ಎಳೆ. ಮಣಿಕಟ್ಟಿನಿಂದಲ್ಲ, ಭುಜದಿಂದ. ಅದು ಬಂದ ಮೇಲೆ ವೃತ್ತ, ಆಮೇಲೆ ಪೆಟ್ಟಿಗೆ, ಆಮೇಲೆ ಬೆಳಕು ನೆರಳು. ನಡುವೆ ಒಂದು ಮೆಟ್ಟಿಲು ಹಾರಿದರೂ ನಾನು ಹಾಳೆ ವಾಪಸು ಕಳಿಸುವವಳು.

ಫೋನಿನಲ್ಲಿ ಫೋಟೋ ಕಳಿಸುವ ಹುಚ್ಚಾಟ ಬೇಡ. ನಾನು ಹಾಳೆಯನ್ನು ತಿರುವಿ ಹಿಂದೆ ಬೆರಳಾಡಿಸುತ್ತೇನೆ. ಎಲ್ಲಿ ಒತ್ತಿದ್ದೀ, ಎಲ್ಲಿ ಕೈ ಹಿಂಜರಿದಿದೆ ಎಂಬುದು ಮುಂದಿನಿಂದ ಕಾಣುವುದಿಲ್ಲ. ನನ್ನ ಶಿಷ್ಯರೆಲ್ಲ ಅಂಚೆಗೇ ಹಾಕುತ್ತಾರೆ, ನೀನೂ ಹಾಕು.

ಇನ್ನೊಂದು. ಆ ದಿನ ನೀನು ನೋಡಿದ್ದನ್ನು ನೋಡಿದ ಹಾಗೆಯೇ ಮಾತಿನಲ್ಲಿ ಬರೆದು ಕಳಿಸು. ನೋಡಲು ಬರದವನಿಗೆ ಬರೆಯಲೂ ಬರುವುದಿಲ್ಲ.

ವೃಂದಾ


ಮಾಸೂರು
೬ ಜುಲೈ ೨೦೨೪

ಅಕ್ಕೋರಿಗೆ,

ಗೆರೆಗಳನ್ನು ಕಳಿಸಿದ್ದೇನೆ. ಪೆನ್ಸಿಲ್ ಮೇಲಿಂದ ಮೇಲೆ ಮುರಿಯುತ್ತವೆ. ಭುಜದಿಂದ ಎಳೆ ಎಂದಿರಿ. ನನ್ನ ಭುಜಕ್ಕೆ ಗೊತ್ತಿರುವುದು ಓಡುವ ಹೋರಿಯ ಕೊರಳಿಗೆ ಜೋತುಬೀಳುವುದೊಂದೇ.

ನೋಡಿದ್ದನ್ನು ಬರೆ ಎಂದಿರಲ್ಲ, ಬರೆದಿದ್ದೇನೆ.

ನಾನು ಅಖಾಡದ ಬದಿಗೆ ಟ್ರ್ಯಾಕ್ಟರಿನ ಮೇಲೆ ನಿಂತಿದ್ದೆ. ಸರ್ದಾರನನ್ನು ಬಿಟ್ಟರು. ಕೋಡಿಗೆ ಬಲೂನು ಕಟ್ಟಿದ್ದರು, ಕೊರಳಿಗೆ ಒಣಕೊಬ್ಬರಿಯ ಹಾರ, ಮೈಮೇಲೆ ಕೆಂಪು ಜೂಲ. ನಾನು ಅದನ್ನು ಪಕ್ಕದಿಂದ ನೋಡಿದೆ. ಸಾಗರ ಎದುರಿಗೆ ನಿಂತಿದ್ದ. ಹಾರ ಹರಿಯಲು ಕೈ ಹಾಕಿದ. ಎಡಗೋಡು ಅವನ ಪಕ್ಕೆಯಲ್ಲಿ ಇಳಿದು ಬೆನ್ನಿನಲ್ಲಿ ಹೊರಬಂತು. ಹೋರಿ ನಿಲ್ಲಲಿಲ್ಲ, ಅವನನ್ನು ಕೋಡಿನ ಮೇಲೆ ಹೊತ್ತುಕೊಂಡೇ ಓಡಿತು. ಅವನೇ ಜೋತುಬಿದ್ದು ಹಿಡಿದಿದ್ದಾನೆ ಎಂದು ತಿಳಿದ ಜನ ಸಿಳ್ಳೆ ಹಾಕಿದರು. ಮೈಕಿನವನು "ಹಿಡದಾ, ಮಾಸೂರ ಹುಡುಗ ಹಿಡದಾ" ಎಂದು ಕೂಗಿದ. ಹೋರಿ ತಲೆ ಕೊಡವಿ ಅವನನ್ನು ಕೆಡವಿ, ಮೇಲೆ ಕಾಲಿಟ್ಟು ಹೋಯಿತು. ಅವನ ಮುಷ್ಟಿಯಲ್ಲಿ ಒಂದು ಕೊಬ್ಬರಿ ಬಟ್ಟಲು ಇತ್ತು. ಬಿಡಿಸಲು ಆಗಲಿಲ್ಲ, ಅದರ ಸಮೇತವೇ ಮಣ್ಣು ಮಾಡಿದೆವು.

ಮಾಲೀಕ ಮರುದಿನವೇ ಹೋರಿಯನ್ನು ತಮಿಳುನಾಡಿಗೆ ಮಾರಿಬಿಟ್ಟೆ ಎಂದು ಪೊಲೀಸರಿಗೆ ಹೇಳಿದ. ಅವರು ಬರೆದುಕೊಂಡು ಹೋದರು. ಅಷ್ಟೇ.

ವೃತ್ತ ಯಾವಾಗ ಕಲಿಸುತ್ತೀರಿ?

ಮೈಲಾರಲಿಂಗ


ಹಾನಗಲ್
೨೦ ಜುಲೈ ೨೦೨೪

ಮೈಲಾರಲಿಂಗನಿಗೆ,

ನಿನ್ನ ಪತ್ರವನ್ನು ಒಂದೇ ಸಲಕ್ಕೆ ಓದಿ ಮುಗಿಸಲು ಆಗಲಿಲ್ಲ. ಅದರ ಬಗ್ಗೆ ಏನೂ ಹೇಳುವುದಿಲ್ಲ, ಹೇಳಲು ನನಗೆ ಬರುವುದಿಲ್ಲ. ನನಗೆ ಬರುವುದು ಗೆರೆ ತಿದ್ದುವುದು.

ಗೆರೆಗಳು ನೇರವಾಗಿವೆ, ಆದರೆ ಹಾಳೆಯ ಹಿಂದೆ ಮುಟ್ಟಿದರೆ ನೇಗಿಲು ಹೊಡೆದ ಹೊಲ. ಇಷ್ಟು ಒತ್ತಬೇಡ. ಪೆನ್ಸಿಲ್ಲು ಹಾಳೆಯ ಶತ್ರುವಲ್ಲ. ಇದೇ ಪಾಠವನ್ನು ಇನ್ನೊಮ್ಮೆ ಮಾಡು, ಈ ಸಲ ಹಿಂಬದಿ ನುಣ್ಣಗಿರಬೇಕು.

ಅದರ ಜೊತೆಗೆ ವೃತ್ತ ಮತ್ತು ಪೆಟ್ಟಿಗೆ ಶುರು ಮಾಡು. ಯಾವ ಪ್ರಾಣಿಯೇ ಆಗಲಿ, ಒಳಗೆ ಕೆಲವು ಪೆಟ್ಟಿಗೆ, ಕೆಲವು ಉಂಡೆ. ಎದೆಗೂಡು ಒಂದು ಉಂಡೆ, ಸೊಂಟ ಇನ್ನೊಂದು, ತಲೆ ಒಂದು ಪೆಟ್ಟಿಗೆ. ಕೊಂಬು, ಗಂಗೆದೊಗಲು, ಜೂಲ ಇವೆಲ್ಲ ಕಡೆಗೆ. ಚರ್ಮದ ಕೆಳಗೆ ಏನಿದೆ ಎಂದು ತಿಳಿಯದೆ ಚರ್ಮ ಬರೆಯಲು ಹೋದವರ ಹೋರಿ ಹತ್ತಿ ತುಂಬಿದ ಗೊಂಬೆಯಾಗುತ್ತದೆ.

ನಿನ್ನದು ಹಾಗಾಗಬಾರದು. ಸಾಗರನಿಗಾಗಿ ಬರೆಯುತ್ತಿದ್ದೀ.

ವೃಂದಾ


ಮಾಸೂರು
೧೮ ಆಗಸ್ಟ್ ೨೦೨೪

ಅಕ್ಕೋರಿಗೆ,

ಪೆಟ್ಟಿಗೆ, ಉಂಡೆ, ಅವುಗಳಿಂದ ಕಟ್ಟಿದ ಹೋರಿ, ಎಲ್ಲ ಕಳಿಸಿದ್ದೇನೆ. ದಿನಾ ಬೆಳಿಗ್ಗೆ ಎಮ್ಮೆ ಕರೆದು, ಮದಗದ ಕಾಲುವೆಯ ನೀರು ಗದ್ದೆಗೆ ತಿರುವಿ ಬಂದು ಬರೆಯಲು ಕೂರುತ್ತೇನೆ. ಅವ್ವ ನನ್ನನ್ನು ದಿಟ್ಟಿಸಿ ನೋಡುತ್ತಾಳೆ, ಮಗ ಸುಧಾರಿಸಿಕೊಂಡ ಎಂದು ಊರಿನಲ್ಲಿ ಹೇಳಿಕೊಂಡು ಬರುತ್ತಾಳೆ.

ನೀವು ಹೇಳಿದ್ದು ಸರಿ, ಚರ್ಮದ ಕೆಳಗೆ ಏನಿದೆ ಎಂಬುದು ತಿಳಿಯಬೇಕು. ಪಕ್ಕೆಲುಬು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ? ಹೆಗಲಿನ ಎಲುಬು ಎಷ್ಟು ಜಾಗ ಮುಚ್ಚುತ್ತದೆ? ಗುಂಡಿಗೆ ನಿಖರವಾಗಿ ಎಲ್ಲಿ? ಪುಸ್ತಕದಲ್ಲಿ ಇದ್ದರೆ ಬರೆದು ಕಳಿಸಿ. ಉಸಿರಾಡುವ ಹಾಗೆ ಬರೆಯಬೇಕಲ್ಲ.

ಹೋದ ವಾರ ಹಿರೇಕೆರೂರಿನ ಚಹಾದಂಗಡಿಯಲ್ಲಿ ಒಬ್ಬ ಫೋನು ಹಿಡಿದು ಕುಳಿತಿದ್ದ. ಸಾಗರ ಕೋಡಿನ ಮೇಲೆ ಇರುವ ವಿಡಿಯೋ. ಹಿಂದೆ ಹಾಡು ಕೂಡಿಸಿದ್ದರು. "ಏನ್ ಹೋರಿಲೇ ಅದು, ಒಂದ ಗುದ್ದಿಗೆ ಆಳನ್ನ ಹೆಂಗ ಎತ್ತಿತು ನೋಡು" ಎಂದು ಪಕ್ಕದವನಿಗೆ ತೋರಿಸಿದ. ನಾನು ಚಹಾದ ಗ್ಲಾಸನ್ನು ಅವನ ಮುಖಕ್ಕೆ ಒಡೆದೆ. ಆಮೇಲೆ ಅವನ ತಲೆ ಹಿಡಿದು ಟೇಬಲ್ಲಿಗೆ ಬಡಿದೆ, ಅವನ ಮುಂದಿನ ಹಲ್ಲು ಸಕ್ಕರೆಯ ಡಬ್ಬಿಯ ಹತ್ತಿರ ಬಿತ್ತು. ಬಿಡಿಸಲು ಬಂದವರು ಯಾರೆಂದೂ ನೋಡಲಿಲ್ಲ, ಅವರಿಗೂ ಬಿತ್ತು. ಅವನು ಕಂಪ್ಲೇಂಟ್ ಕೊಡಲಿಲ್ಲ. ಸತ್ತವನ ಅಣ್ಣ ಎಂದು ಗೊತ್ತಾದ ಮೇಲೆ ರಕ್ತ ಒರೆಸಿಕೊಂಡು ತಾನೇ ಕೈ ಮುಗಿದ. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಅಲ್ಲಿಂದ ಹಾಗೇ ನಯೀಮನ ವೆಲ್ಡಿಂಗ್ ಅಂಗಡಿಗೆ ಹೋಗಿ ಚಿತ್ರದ ಹಲಗೆ ನಿಲ್ಲಿಸಲು ಕಬ್ಬಿಣದ ಸ್ಟ್ಯಾಂಡ್ ಮಾಡಲು ಹೇಳಿ ಬಂದೆ.

ಮೈಲಾರಲಿಂಗ


ಹಾನಗಲ್
೨ ಸೆಪ್ಟೆಂಬರ್ ೨೦೨೪

ಮೈಲಾರಲಿಂಗನಿಗೆ,

ಕಂಡವರ ಹಲ್ಲು ಉದುರಿಸಿ ಬಂದು ಅದನ್ನು ನನಗೆ ವರದಿ ಒಪ್ಪಿಸುತ್ತೀಯಲ್ಲ, ನಾನೇನು ಬೆನ್ನು ತಟ್ಟಬೇಕೇ? ಇನ್ನೊಮ್ಮೆ ಇಂಥದ್ದು ಕೇಳಿದರೆ ಪಾಠ ಬಂದ್. ಸಿಟ್ಟು ಬಂದರೆ ಬಂದು ಗೆರೆ ಎಳೆ.

ಸ್ಟ್ಯಾಂಡ್ ಮಾಡಿಸಿದ್ದು ಮಾತ್ರ ಸಂತೋಷ. ನನ್ನ ಇಷ್ಟು ವರ್ಷದ ಶಿಷ್ಯರಲ್ಲಿ ಯಾರೂ ಸ್ವಂತಕ್ಕೆ ಸ್ಟ್ಯಾಂಡ್ ಮಾಡಿಸಿದವರಿಲ್ಲ.

ನೀನು ಕೇಳಿದ ಪ್ರಶ್ನೆಗಳು ನನಗೆ ಬಹಳ ಹಿಡಿಸಿದವು. ಎಲುಬು, ಗುಂಡಿಗೆ ಎಂದು ಕೇಳುವ ವಿದ್ಯಾರ್ಥಿ ಎಲ್ಲಿ ಸಿಗುತ್ತಾನೆ? ನನ್ನ ಅಣ್ಣ ಗುರುರಾಜ ಪಶುವೈದ್ಯನಾಗಿದ್ದವನು. ಅವನನ್ನು ಕೂರಿಸಿಕೊಂಡು ಎಲ್ಲ ಕೇಳಿ, ಪಕ್ಕದ ನೋಟದ ನಕ್ಷೆಯೊಂದನ್ನು ನಾನೇ ಬರೆದು ಇಟ್ಟಿದ್ದೇನೆ. ಮುಂಗಾಲು ಮೈಗೆ ಸೇರುವ ಕಡೆ ಒಂದು ಮೊಣಕೈ ಇರುತ್ತದೆ, ಅದರ ಬೆನ್ನಿಗೇ ಗುಂಡಿಗೆ. ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ.

ಇನ್ನೊಂದು ಹಾಳೆಯನ್ನೂ ಇಟ್ಟಿದ್ದೇನೆ, ಜೋಪಾನ. ಶಿಗ್ಗಾಂವಿ ತಾಲ್ಲೂಕಿನಲ್ಲಿ ಮಾಲಾ ಎಂಬ ಕಾಲೇಜು ಹುಡುಗಿ ನನ್ನ ಹತ್ತಿರ ನಿನ್ನ ಹಾಗೆಯೇ ಕಲಿಯುತ್ತಿದ್ದಾಳೆ. ತಮ್ಮ ಮನೆಯ ಹೋರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ ಬರೆದಿದ್ದಾಳೆ. ಅವಳು ಅದನ್ನು ಬಸ್ಯಾ ಎನ್ನುತ್ತಾಳೆ, ಕರುವಿದ್ದಾಗಿನಿಂದ ಸಾಕಿದ್ದಂತೆ. ಜಾಗದ ಆಳ ಹೇಗೆ ತಂದಿದ್ದಾಳೆ ನೋಡು. ಗೋದಲಿ, ಬಾಗಿಲು, ಅಂಗಳ, ಒಂದೊಂದೂ ತನ್ನ ಅಳತೆಯಲ್ಲಿದೆ. ಹಿಂದೆ ದೂರದಲ್ಲಿ ಕಾಣುವ ರಾಕ್ ಗಾರ್ಡನ್ನಿನ ಗೋಡೆಯನ್ನು ನೀನು ಬರೆಯುವ ಅಗತ್ಯವಿಲ್ಲ. ಉಳಿದದ್ದನ್ನು ನಕಲು ಮಾಡಿ, ಮೂಲವನ್ನು ವಾಪಸು ಕಳಿಸು.

ವೃಂದಾ


ಮಾಸೂರು
೧೯ ಸೆಪ್ಟೆಂಬರ್ ೨೦೨೪

ಅಕ್ಕೋರಿಗೆ,

ಹಾಳೆ ಬಂತು. ನಕ್ಷೆಯೂ ಬಂತು. ಉಪಕಾರವಾಯಿತು.

ಮಾಲಾ ಎನ್ನುವವರು ಬಹಳ ಚೆನ್ನಾಗಿ ಬರೆಯುತ್ತಾರೆ. ಆ ಹೋರಿಯನ್ನು ಎಲ್ಲೋ ನೋಡಿದ ಹಾಗಿದೆ.

ಕೆಲವು ಸಂಶಯ ಇವೆ. ಚಿತ್ರದಲ್ಲಿ ಬಾಗಿಲು ಯಾವ ದಿಕ್ಕಿಗಿದೆ ಎಂದು ಹೇಗೆ ತಿಳಿಯುವುದು? ನೆರಳು ನೋಡಿ ಹೊತ್ತು ಹೇಳಬಹುದೇ? ಹೋರಿಗೆ ಹಾಕಿದ ಹಗ್ಗ ಎಷ್ಟು ಉದ್ದವಿರಬಹುದು? ನಕಲು ತಪ್ಪಬಾರದು ಎಂದು ಕೇಳುತ್ತಿದ್ದೇನೆ.

ಮೈಲಾರಲಿಂಗ


ಹಾನಗಲ್
೩ ಅಕ್ಟೋಬರ್ ೨೦೨೪

ಮೈಲಾರಲಿಂಗನಿಗೆ,

ಎಲ್ಲ ಹೋರಿಗಳೂ ಎಲ್ಲೋ ನೋಡಿದ ಹಾಗೆಯೇ ಇರುತ್ತವೆ, ತಲೆ ಕೆಡಿಸಿಕೊಳ್ಳಬೇಡ. ಸಂಶಯಗಳು ಮಾತ್ರ ಬಲು ಚೆಂದ. ಚಿತ್ರ ಬರೆಯುವುದಕ್ಕಿಂತ ಚಿತ್ರ ಓದುವುದು ದೊಡ್ಡ ವಿದ್ಯೆ, ನಿನಗೆ ಅದು ಬರುತ್ತಿದೆ.

ನೆರಳನ್ನು ನೋಡು. ಗೂಟದ ನೆರಳು ಗೂಟದ ಬುಡದಲ್ಲೇ ಮುದುರಿದೆ, ಅಂದರೆ ನಡುಮಧ್ಯಾಹ್ನ. ಅವಳು ಕಾಲೇಜಿನಿಂದ ಬಂದು ಆ ಹೊತ್ತಿಗೇ ಬರೆಯುವುದು, ಮನೆಯವರೆಲ್ಲ ಗೋವಿನಜೋಳದ ಹೊಲದಲ್ಲಿ ಇರುತ್ತಾರಂತೆ. ಇದ್ದಷ್ಟು ನೆರಳು ವಾಲಿರುವುದು ಬಾಗಿಲ ಕಡೆಗೆ. ಈ ದಿನಗಳಲ್ಲಿ ನಡುಹಗಲಿನ ನೆರಳು ವಾಲುವುದು ಉತ್ತರಕ್ಕೆ. ಹಗ್ಗ ಎರಡು ಮಾರಿಗಿಂತ ಹೆಚ್ಚಿಲ್ಲ. ಇನ್ನು ಬರೆದವಳು ಎಲ್ಲಿ ಕುಳಿತಿದ್ದಳು ಎಂಬುದೂ ಚಿತ್ರದಲ್ಲೇ ಇದೆ. ಗೋದಲಿಯ ಅಂಚು ಅವಳ ಕಣ್ಣಿನ ಮಟ್ಟಕ್ಕಿದೆ, ಅಂದರೆ ಗೋದಲಿಯ ಪಕ್ಕದಲ್ಲೇ ನೆಲದ ಮೇಲೆ. ಹೀಗೆ ಓದಬೇಕು.

ಈಗ ಒಂದು ದೂರು. ಇಷ್ಟು ದಿನದಿಂದ ನೀನು ಪಕ್ಕದ ನೋಟವನ್ನೇ ಬರೆಯುತ್ತಿದ್ದೀ. ಎದುರಿನಿಂದ ಬರೆ. ಎದುರಿಗೆ ನಿಂತಾಗ ಮೈಯೆಲ್ಲ ತಲೆಯ ಹಿಂದೆ ಅಡಗುತ್ತದೆ, ಉದ್ದ ಮಾಯವಾಗುತ್ತದೆ, ನೀನು ಕಲಿತ ಅಳತೆ ಒಂದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅದು ಕಷ್ಟ. ಅದನ್ನು ಕಲಿಯದೆ ಹೋರಿ ಬರುತ್ತದೆ ಎನ್ನಬೇಡ.

ವೃಂದಾ


ಮಾಸೂರು
೧೬ ಅಕ್ಟೋಬರ್ ೨೦೨೪

ಅಕ್ಕೋರಿಗೆ,

ಎದುರಿನಿಂದ ಬರೆಯುವುದಿಲ್ಲ. ಎದುರಿನಿಂದ ನೋಡಿದವನು ಸಾಗರ.

ನಾನು ಬರೆದ ಹೋರಿಗಳನ್ನೆಲ್ಲ ಇದರ ಜೊತೆ ಕಳಿಸಿದ್ದೇನೆ, ಮಾಲಾ ಅವರ ಹಾಳೆಯೂ ಇದೆ. ಇನ್ನು ನನಗೆ ಬೇಕಾಗಿಲ್ಲ. ನಯೀಮ ಸ್ಟ್ಯಾಂಡ್ ಕೊಟ್ಟ. ಗಟ್ಟಿಯಾಗಿದೆ.

ಕಲಿಸಿದ್ದಕ್ಕೆ ನಿಮಗೆ ಶರಣು.

ಮೈಲಾರಲಿಂಗ


ಹಾನಗಲ್
೨೧ ಅಕ್ಟೋಬರ್ ೨೦೨೪

ಮೈಲಾರಲಿಂಗ,

ನಿನ್ನ ಹಾಳೆಗಳು ಇಂದು ಬಂದವು. ಹಿಂದೆ ಬೆರಳಾಡಿಸಿದೆ. ಗೆರೆ ಎಲ್ಲ ನುಣ್ಣಗಿವೆ, ನಾನು ಹೇಳಿದ ಹಾಗೆ. ಮುಂಗಾಲಿನ ಹಿಂದೆ ಒಂದು ಕಡೆ ಮಾತ್ರ ಬೆರಳು ತೂತಿನಲ್ಲಿ ಇಳಿಯಿತು. ಇನ್ನೊಂದು ಹಾಳೆ ತೆಗೆದೆ, ಅಲ್ಲೂ ತೂತು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದೆ. ಅಷ್ಟೂ ಹಾಳೆಗಳನ್ನು ದಾಟಿ ಒಂದೇ ಜಾಗದಲ್ಲಿ ಬೆಳಕು ಬಂತು. ನಾನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿದ ಜಾಗ.

ಕೂಡಲೇ ಮಾಲಾಳಿಗೆ ಫೋನು ಮಾಡಿ, ನಿನ್ನ ಬಸ್ಯಾನಿಗೆ ಅಖಾಡದಲ್ಲಿ ಏನು ಹೆಸರು ಎಂದು ಕೇಳಿದೆ. ಹುಡುಗಿ ಎದ್ದು ಬಾಗಿಲು ಹಾಕಿದ ಸಪ್ಪಳ ಕೇಳಿಸಿತು. ಆಮೇಲೆ "ಸರ್ದಾರ ರೀ" ಎಂದಳು. ಅವಳ ಅಪ್ಪ ಶಿದ್ಲಿಂಗಪ್ಪನೇ ಆ ಮಾಲೀಕ. ಮಾರಿದೆ ಎಂದು ಸುಳ್ಳು ಹೇಳಿ, ಸವಣೂರಿನಿಂದ ಮಗಳನ್ನೂ ಹೋರಿಯನ್ನೂ ಆ ರಾಕ್ ಗಾರ್ಡನ್ ಇರುವ ಗೊಟಗೋಡಿಯಲ್ಲಿ ಅವಳ ಸೋದರಮಾವನ ಮನೆಯಲ್ಲಿ ಇಟ್ಟಿದ್ದಾನೆ. ಹೋರಿಯನ್ನು ಇವತ್ತೇ ಬೇರೆ ಕಡೆ ಸಾಗಿಸು ಎಂದೆ. "ಯಾಕ್ರೀ? ಇಲ್ಲಿ ಐತಂತ ಯಾರಿಗೂ ಗೊತ್ತಿಲ್ಲ. ನಿಮ್ಮೊಬ್ಬರಿಗೆ ಬಿಟ್ಟು" ಎಂದಳು. ಆ ಹಾಳೆಯನ್ನು ನಿನಗೆ ಕಳಿಸಿದ್ದೇನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮುಖಾಮುಖಿ ಹೇಳುತ್ತೇನೆ, ನಾಳೆ ಬೆಳಗಿನ ಬಸ್ಸಿಗೆ ಅಲ್ಲಿಗೇ ಹೊರಟಿದ್ದೇನೆ.

ನಿನ್ನ ಫೋನ್ ನಂಬರು ನನ್ನ ಹತ್ತಿರ ಇಲ್ಲ. ಫೋನು ಬೇಡ ಎಂದವಳು ನಾನೇ. ಈ ಪತ್ರವನ್ನು ಮಾಸೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತಿದ್ದೇನೆ. ಓದಿದ ಕೂಡಲೇ ನಯೀಮ ಮಾಡಿಕೊಟ್ಟ ಆ ಕಬ್ಬಿಣವನ್ನು ಮದಗದ ಕೆರೆಗೆ ಎಸೆದು ಬಾ. ಆ ಮೂಕ ಪ್ರಾಣಿಗೆ ಸಾಗರ ಯಾರು, ನೀನು ಯಾರು? ಅದನ್ನು ಬೆದರಿಸಿ ಓಡಿಸಿದವರು ನಾವು. ಕೊಟ್ಟಿಗೆಯಲ್ಲಿ ಹುಡುಗಿ ಇರುತ್ತಾಳಪ್ಪ. ನಿನ್ನ ಕೈ ಹಿಡಿದುಕೊಂಡು ಕೇಳುತ್ತೇನೆ, ಹೋಗಬೇಡ.

ವೃಂದಾ


ಹಾನಗಲ್
೧೨ ನವೆಂಬರ್ ೨೦೨೪

ಮೈಲಾರಲಿಂಗ,

ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ. ನೋಡಿದ್ದನ್ನು ನೋಡಿದ ಹಾಗೆ ಬರೆ ಎಂದು ನಿನಗೆ ಹೇಳಿದವಳು ನಾನು.

ಶಿಗ್ಗಾಂವಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ನಾನು ಗೊಟಗೋಡಿ ಮುಟ್ಟಿದಾಗ ನೀನು ಆಗಲೇ ಬಂದು ಹೋಗಿದ್ದೆ. ಅಂಗಳದ ತುಂಬ ಜನ. ಕೊಟ್ಟಿಗೆಯ ಸುಣ್ಣದ ಗೋಡೆಗೆ ಆಳೆತ್ತರಕ್ಕೆ ರಕ್ತ ಸಿಡಿದಿತ್ತು. ಹೋರಿ ಗೋದಲಿಯ ಮೇಲೆ ಬಿದ್ದಿತ್ತು, ಹೆಗಲಿನಲ್ಲಿ ನಿನ್ನ ಸ್ಟ್ಯಾಂಡ್ ನೆಟ್ಟಿತ್ತು. ಅದಕ್ಕೆ ಭರ್ಚಿ ಎಂಬ ಹೆಸರಿದೆ, ಅದನ್ನೇಕೆ ಬರೆಯಲಿಲ್ಲ ನೀನು? ಗುಂಡಿಗೆ ನಿನಗೆ ಸಿಗಲಿಲ್ಲ. ಮೊದಲನೆಯದು ಕುತ್ತಿಗೆಗೆ, ಎರಡನೆಯದು ಹೆಗಲಿನ ಎಲುಬಿಗೆ ತಾಗಿ ಜಾರಿ ಪುಪ್ಪುಸಕ್ಕೆ. ಅದು ಸಾಯಲು ಸಂಜೆಯಾಯಿತು. ಮೂಗಿನಿಂದ ಕೆಂಪು ನೊರೆ ಬರುತ್ತಿತ್ತು, ಪ್ರತಿ ಉಸಿರಿಗೂ ಕಾಲು ಝಾಡಿಸಿ ನೆಲ ಬಗೆಯುತ್ತಿತ್ತು. ಉಸಿರಾಡುವ ಹಾಗೆ ಬರೆಯಬೇಕು ಎಂದಿದ್ದೆಯಲ್ಲ, ಆ ಉಸಿರನ್ನು ನಾನು ಕೇಳುತ್ತ ಕುಳಿತಿದ್ದೆ.

ಮಾಲಾ ಆ ಹೊತ್ತಿಗೆ ದವಾಖಾನೆಯಲ್ಲಿದ್ದಳು. ಅಲ್ಲಿ ಅವಳು ನಿನ್ನನ್ನು 'ಆ ಮನುಷ್ಯ' ಎನ್ನುತ್ತ ನನಗೆ ಹೇಳಿದ್ದು ಇಷ್ಟು. ಅವನು ಬಾಗಿಲಲ್ಲಿ ಬಂದು ನಿಂತ. ಮೂಗಿನವರೆಗೆ ಟವೆಲ್ ಕಟ್ಟಿದ್ದ. ಹೋರಿ ಸಪ್ಪಳ ಕೇಳಿ ಅವನ ಕಡೆಗೆ ಮುಖ ತಿರುಗಿಸಿತು. ಅವನು ಪಕ್ಕಕ್ಕೆ ಸರಿದ, ಅದೂ ಅವನ ಜೊತೆಗೇ ತಿರುಗಿತು. ಮತ್ತೆ ಸರಿದ, ಮತ್ತೆ ತಿರುಗಿತು. ಆಗ ಅವನು ಅವಳನ್ನು ನೋಡಿದ. "ಕಣ್ಣ ಮುಚ್ಕೊ ತಂಗಿ" ಎಂದ. ಎದುರಿನಿಂದಲೇ ಚುಚ್ಚಿದ. ಹೋರಿ ಹಗ್ಗ ಹರಿದುಕೊಂಡು ಎಗರಿತು, ಟವೆಲ್ ಬಿತ್ತು, ಅವನು ಮತ್ತೆ ಚುಚ್ಚಿದ. ಹೋರಿ ಅವಳ ಮೇಲೆ ಉರುಳಿತು. ಅವಳ ಬಲಗೈ ಅದರ ಬೆನ್ನಿಗೂ ಗೋದಲಿಯ ಕಲ್ಲಿಗೂ ನಡುವೆ ಸಿಕ್ಕಿ ಮಣಿಕಟ್ಟು, ಮೊಣಕೈ ಎರಡೂ ನುಚ್ಚಾದವು. ಕೈ ಉಳಿದಿದೆ. ಪೆನ್ಸಿಲ್ಲು ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಬರೆದವಳು ಎಲ್ಲಿ ಕೂರುತ್ತಾಳೆ ಎಂದು ನಿನಗೆ ಹೇಳಿಕೊಟ್ಟಿದ್ದೆ. ಬಾಗಿಲು ಓದಿದೆ, ನೆರಳು ಓದಿದೆ, ಹಗ್ಗ ಓದಿದೆ, ಅದೊಂದನ್ನು ಓದಲಿಲ್ಲ. ನಿನ್ನ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ಈ ಹಾಳೆ ಸಾಲದು. ನನ್ನ ಮೇಲಿನದಕ್ಕೆ ಯಾವ ಹಾಳೆಯೂ ಸಾಲದು. ಹಾಳೆ ಕಳಿಸಿದ್ದು ನಾನೇ ಎಂದು ಅವಳಿಗೆ ಹೇಳಿದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಪೊಲೀಸರಿಗೆ ಅವಳು ಮುಖ ಕಾಣಲಿಲ್ಲ ಎಂದಿದ್ದಾಳೆ. ಹೇಳಿದರೆ "ಅಪ್ಪ ಜನಾ ಕಟ್ಕೊಂಡು ಹೋಗಿ ಅವನ್ನ ಕಡೀತಾನ್ರಿ" ಎಂದು ನನ್ನೊಬ್ಬಳಿಗೆ ಹೇಳಿದಳು. ಆದರೆ ಶಿದ್ಲಿಂಗಪ್ಪ ಸುಮ್ಮನೆ ಕೂರಲಿಲ್ಲ. ಇದು ತನ್ನ ಎದುರಾಳಿ ಹೋರಿಯ ಮಾಲೀಕ ಉಳಿವೆಪ್ಪನ ಕೆಲಸವೇ ಎಂದು ದೀಪಾವಳಿ ಪಾಡ್ಯದ ದಿನ ಸವಣೂರಿನ ರಸ್ತೆಯಲ್ಲಿ ಅವನನ್ನು ಹಿಡಿದು ನೊಗದ ಗೂಟದಿಂದ ಬಡಿಸಿದ್ದಾನೆ. ತಲೆಬುರುಡೆ ಒಡೆದು ಉಳಿವೆಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ, ಒಂದು ಕಣ್ಣು ಹೋಯಿತು. ಅವನ ಕಡೆಯವರು ಈಗ ಶಿದ್ಲಿಂಗಪ್ಪನಿಗೆ ಕಾಯುತ್ತಿದ್ದಾರೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ನನಗೆ ಗೊತ್ತಿಲ್ಲ.

ಮೊನ್ನೆ ಮಾಲಾ ನನ್ನನ್ನು ಕರೆಸಿ ಒಂದು ಹಾಳೆ ಕೊಟ್ಟಳು. ಎಡಗೈಯಲ್ಲಿ ಬರೆದಿದ್ದಾಳೆ. "ಕಣ್ಣ ಮುಚ್ಚಲಿಲ್ರೀ ನಾ. ನೋಡಾಕತ್ತಾಗ ಕಣ್ಣ ತೆಗೀಬಾರದಂತ ನೀವ ಹೇಳಿದ್ರಿ. ಇದನ್ನ ಏನ್ ಮಾಡೂದಂತನೂ ನೀವ ಹೇಳ್ರಿ" ಎಂದಳು.

ನಾನು ಹೇಳುವುದಿಲ್ಲ. ಇದು ನಿನ್ನ ಕಡೆಯ ಪಾಠ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ, ನಕಲು ಇಟ್ಟುಕೊಂಡಿಲ್ಲ. ಒಂದು ಕೆಂಪು ಪೆನ್ಸಿಲನ್ನೂ ಇಟ್ಟಿದ್ದೇನೆ. ತಪ್ಪು ಕಂಡರೆ ತಿದ್ದಿ ನನಗೆ ಕಳಿಸು. ತಪ್ಪು ಇಲ್ಲದಿದ್ದರೆ ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ನಿನಗೆ ಗೊತ್ತಿದೆ.

ವೃಂದಾ


ಮಾಸೂರು
೧೯ ನವೆಂಬರ್ ೨೦೨೪

ಅಕ್ಕೋರಿಗೆ,

ಕಂಡಕ್ಟರ್ ತಂದುಕೊಟ್ಟ ನಿಮ್ಮ ಪತ್ರವನ್ನು ಅವ್ವ ದೇವರ ಫೋಟೋದ ಹಿಂದೆ ಇಟ್ಟಿದ್ದಳು. ಅವಳಿಗೆ ಓದಲು ಬರುವುದಿಲ್ಲ. ನಾನು ಅವತ್ತು ಬೆಳಿಗ್ಗೆಯೇ ಬೈಕಿನಲ್ಲಿ ಹೊರಟಿದ್ದೆ. ಮುಂಚೆ ಸಿಕ್ಕಿದ್ದರೆ ನಿಲ್ಲುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿಲ್ಲುತ್ತಿರಲಿಲ್ಲ ಎಂದೇ ಅನಿಸುತ್ತದೆ.

ಎದುರಿನಿಂದ ಅಳತೆ ಒಂದೂ ಕೆಲಸಕ್ಕೆ ಬರುವುದಿಲ್ಲ ಎಂದಿದ್ದಿರಿ. ಬರಲಿಲ್ಲ. ಅದು ನನ್ನ ಕಡೆ ತಿರುಗಿದಾಗ ನನಗೆ ಹೋರಿ ಕಾಣಲಿಲ್ಲ, ಎರಡು ಕೋಡು, ನಡುವೆ ಎರಡು ಕಣ್ಣು. ಸಾಗರ ಕಡೆಯದಾಗಿ ಕಂಡದ್ದು ಇದೇ ಎಂದು ಗೊತ್ತಾಯಿತು. ಹೆದರಿಕೆಯಾಯಿತು, ಅಕ್ಕೋರೆ. ಹೆದರಿ ಚುಚ್ಚಿದೆ. ಹುಡುಗಿಯ ಮೂಳೆ ಮುರಿದ ಸಪ್ಪಳವೂ ಕೇಳಿಸಿತು, ನಿಲ್ಲದೆ ಓಡಿದೆ. ಅವಳ ಕೈಯ ಬಗ್ಗೆ ಏನು ಬರೆದರೂ ಸುಳ್ಳಾಗುತ್ತದೆ.

ಹಾಳೆಯನ್ನು ತಿರುವಿ ಹಿಂದೆ ಬೆರಳಾಡಿಸಿದೆ. ಎಡಗೈ ನಡುಗಿದೆ. ಆದರೆ ಎಲ್ಲೂ ಒತ್ತಿಲ್ಲ, ಒಂದು ಕಡೆಯೂ ಒತ್ತಿಲ್ಲ.

ಕೆಂಪು ಪೆನ್ಸಿಲ್ಲು ಹಿಡಿದು ಕನ್ನಡಿಯ ಮುಂದೆ ಕುಳಿತು ತಪ್ಪು ಹುಡುಕಿದೆ. ಕಿವಿ ಸರಿಯಿದೆ. ಹುಬ್ಬಿನ ಮೇಲಿನ ಹೊಲಿಗೆಯ ಗುರುತು ಅದರ ಜಾಗದಲ್ಲಿದೆ. ಹಲ್ಲು ಕಚ್ಚಿದ್ದು, ಕೊರಳ ನರ, ಮೇಲೆತ್ತಿದ ಕೈ, ಎಲ್ಲ ಸರಿಯಿದೆ. ಒಂದೇ ಕಡೆ ಪೆನ್ಸಿಲ್ಲು ಇಡಲು ನೋಡಿದೆ, ಕಣ್ಣಿನಲ್ಲಿ. ಅಲ್ಲೂ ತಪ್ಪಿರಲಿಲ್ಲ. ಪೆನ್ಸಿಲ್ಲನ್ನು ಇದರ ಜೊತೆಗೆ ವಾಪಸು ಕಳಿಸಿದ್ದೇನೆ.

ಇಂದು ಬೆಳಿಗ್ಗೆ ಅವ್ವ ಒಲೆಯ ಮುಂದಿದ್ದಳು. ಯಾರ ಮುಖ ಎಂದು ಹೇಳದೆ ಹಾಳೆಯನ್ನು ಅವಳ ಮುಂದೆ ಹಿಡಿದೆ. ಅವಳ ಕಣ್ಣು ಚೆನ್ನಾಗಿಯೇ ಇವೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಹಿಟ್ಟಿನ ಕೈಯಿಂದ ಹಾಳೆಯನ್ನು ದೂರ ಸರಿಸಿದಳು.

"ಯಾರೋ ಇವ? ಇಂಥವನ್ನ ಮನ್ಯಾಗ ಇಟ್ಕೋಬ್ಯಾಡ, ತಗೊಂಡ ಹೋಗು."

ಶಿಗ್ಗಾಂವಿ ಸ್ಟೇಷನ್ನಿಗೆ ತೆಗೆದುಕೊಂಡು ಹೊರಟಿದ್ದೇನೆ.

ಮೈಲಾರಲಿಂಗ